ಒಂದು ಬಾದಾಮಿ ಎಲೆ, ಮೂವತ್ತಾರು ಕೋಶಗಳು

ಕಾರವಾರದ ಉತ್ತರಕ್ಕಿರುವ ಮಾಜಾಳಿಯ ಕಡಲ ದಂಡೆಯಲ್ಲಿ, ಕಾಡುಬಾದಾಮಿ ಮರಗಳು ಎಲೆ ಉದುರಿಸುವ ಜನವರಿಯಲ್ಲಿ, ನಮ್ಮ ಕ್ಯಾಂಪರ್ ವ್ಯಾನನ್ನು ಅಂಥದೊಂದು ಮರದ ಅಂಚಿಗೆ ನಿಲ್ಲಿಸಿದ್ದೆವು. ಛಾವಣಿಯ ಸೌರಫಲಕದಿಂದ ಬ್ಯಾಟರಿಗೆ ಹರಿಯುವ ಪ್ರವಾಹವನ್ನು ಬೆಳಿಗ್ಗೆ ಹತ್ತಕ್ಕೆ ನಾಲ್ಕು ಆಂಪಿಯರ್ ಎಂದು ತೋರಿಸುತ್ತಿದ್ದ ಮೀಟರು ಸ್ವಲ್ಪ ಹೊತ್ತಿನಲ್ಲೇ ಅರ್ಧಕ್ಕಿಂತ ಕೆಳಗಿಳಿಯಿತು. ಛಾವಣಿ ಹತ್ತಿ ನೋಡಿದರೆ, 100 ವ್ಯಾಟ್‌ನ ಸೌರಫಲಕದ ಮೂಲೆಯಲ್ಲಿ ಅಂಗೈಗಿಂತ ದೊಡ್ಡದಾದ ಕೆಂಪು ಎಲೆಯೊಂದು ಇಬ್ಬನಿಗೆ ಅಂಟಿಕೊಂಡು ಒಂದು ಕೋಶವನ್ನು, ಅಂದರೆ ಬಿಸಿಲನ್ನು ವಿದ್ಯುತ್ತಾಗಿಸುವ ಬಿಲ್ಲೆಗಳಲ್ಲೊಂದನ್ನು, ಹೆಚ್ಚುಕಡಿಮೆ ಪೂರ್ತಿ ಮುಚ್ಚಿತ್ತು. ಉಳಿದ ಮೂವತ್ತೈದು ಕೋಶಗಳು ಒಳ್ಳೆಯ ಬಿಸಿಲಿನಲ್ಲಿದ್ದವು.

ಎಲೆಯಷ್ಟು ಜಾಗ ಮುಚ್ಚಿದರೆ ಎಲೆಯಷ್ಟೇ ವಿದ್ಯುತ್ ನಷ್ಟವಾಗುತ್ತದೆ ಎಂಬ ನಂಬಿಕೆ ತಪ್ಪು. ಅದೇಕೆಂದು ತಿಳಿಯಲು ಕೋಶದ ಗುಣದಿಂದಲೇ ಶುರುಮಾಡಬೇಕು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ರೂಪಿಸಿದ ಸಿಲಿಕಾನ್ ಕೋಶದ ದಕ್ಷತೆ ಸುಮಾರು ಶೇ 6ರಷ್ಟಿತ್ತು. ಇಂದು ಅದು ಶೇ 20ನ್ನು ದಾಟಿದೆಯಾದರೂ ಒಂದು ಕೋಶ ಕೊಡುವ ವಿದ್ಯುತ್ ಒತ್ತಡ (ವೋಲ್ಟೇಜ್) ಅರ್ಧ ವೋಲ್ಟಿನ ಆಸುಪಾಸಿನಲ್ಲೇ ಇದೆ, ಏಕೆಂದರೆ ಅದು ಸಿಲಿಕಾನಿನ ಹುಟ್ಟುಗುಣ. ಆದ್ದರಿಂದಲೇ 12 ವೋಲ್ಟ್ ಬ್ಯಾಟರಿಗಾಗಿ 36 ಕೋಶಗಳನ್ನು ಒಂದರ ಬೆನ್ನಿಗೊಂದು ಜೋಡಿಸಿ ಸುಮಾರು 18 ವೋಲ್ಟ್ ಪಡೆಯುತ್ತಾರೆ.

ಹೀಗೆ ಜೋಡಿಸಿದ ಸಾಲಿನಲ್ಲಿ ಎಲ್ಲ ಕೋಶಗಳ ಮೂಲಕ ಹರಿಯುವುದು ಒಂದೇ ಪ್ರವಾಹ. ಶಿರಸಿಯ ಕಡೆ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಗಳನ್ನು ಸಾಲಾಗಿಟ್ಟು ಗುಡ್ಡದ ಅಬ್ಬಿ ನೀರನ್ನು ಅಂಗಳಕ್ಕೆ ತರುತ್ತಿದ್ದವರಿಗೆ, ನಡುವಿನ ಒಂದು ದಂಬೆಗೆ ಕಸ ಕಟ್ಟಿದರೆ ಹಂಡೆಗೆ ನೀರು ಬೀಳದೆಂಬುದು ಗೊತ್ತಿತ್ತು. ಮಾಡಿಗೆ ಹೊದಿಸಲು ಕೈಯಿಂದ ಕೈಗೆ ಹಂಚು ಸಾಗಿಸುವಾಗಲೂ ಅಷ್ಟೇ, ಸಾಲಿನ ಅತಿ ನಿಧಾನಿಯ ವೇಗವೇ ಎಲ್ಲರ ವೇಗ. ನೆರಳಿನ ಕೋಶವಂತೂ ನಿಧಾನವಾಗುವುದಷ್ಟೇ ಅಲ್ಲ, ಉಳಿದವು ತಯಾರಿಸಿದ ಶಕ್ತಿಯನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಅದು ಸುಟ್ಟುಹೋಗದಿರಲೆಂದು ಸಾಮಾನ್ಯವಾಗಿ 18 ಕೋಶಗಳಿಗೊಂದರಂತೆ ಬೈಪಾಸ್ ಡಯೋಡ್ (ನೆರಳಿನ ಭಾಗವನ್ನು ಬಿಟ್ಟು ಪ್ರವಾಹಕ್ಕೆ ಬದಿಯ ದಾರಿ ಕೊಡುವ ಬಿಡಿಭಾಗ) ಹಾಕಿರುತ್ತಾರೆ. ಆದರೆ ಡಯೋಡ್ ಆ ಅರ್ಧವನ್ನು ಬದಿಗಿಟ್ಟಾಗ ಫಲಕದಲ್ಲಿ ಉಳಿಯುವುದು ಒಂಬತ್ತು ವೋಲ್ಟ್ ಮಾತ್ರ, ತುಂಬುವಾಗ 13 ವೋಲ್ಟಿನ ಆಸುಪಾಸಿನಲ್ಲಿರುವ ಆ 12 ವೋಲ್ಟ್ ಬ್ಯಾಟರಿ ಅಷ್ಟರಿಂದ ತುಂಬುವುದಿಲ್ಲ. ಫಲಕಕ್ಕೂ ಬ್ಯಾಟರಿಗೂ ನಡುವೆ ಎಂಪಿಪಿಟಿ ನಿಯಂತ್ರಕ (ಫಲಕದಿಂದ ಆದಷ್ಟು ಹೆಚ್ಚು ಶಕ್ತಿ ಹಿಂಡುವ ಚಾರ್ಜಿಂಗ್ ಸಾಧನ) ಹಾಕಿದರೆ ಇದು ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಆದರೆ ಅವುಗಳಲ್ಲಿ ಹೆಚ್ಚಿನವು ವೋಲ್ಟೇಜನ್ನು ಇಳಿಸಬಲ್ಲವೇ ಹೊರತು ಏರಿಸಲಾರವು.

ನಮ್ಮ ಕರಾವಳಿಯ ಸೆಕೆಗೆ ವಾಹನ ನೆರಳಿನಲ್ಲೇ ನಿಲ್ಲಬೇಕು, ಫಲಕ ಬಿಸಿಲಿನಲ್ಲೇ ಇರಬೇಕು. ಆದ್ದರಿಂದ ನಾನೀಗ ಫಲಕವನ್ನು ಛಾವಣಿಯಿಂದ ಇಳಿಸಿ, ಮಡಚುವ ಕಾಲುಗಳ ಮೇಲೆ ದಕ್ಷಿಣಕ್ಕೆ ಓರೆಯಾಗಿ ಮರಳಿನಲ್ಲಿ ನಿಲ್ಲಿಸಿ, ಹತ್ತು ಮೀಟರ್ ತಂತಿ ಎಳೆಯುತ್ತೇನೆ. ಮನೆಯ ದೀಪಕ್ಕೆ ಬಳಸುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ, ಹೋಗಿಬರುವ ಇಪ್ಪತ್ತು ಮೀಟರಿನಲ್ಲಿ ಐದೂವರೆ ಆಂಪಿಯರಿಗೆ ಸುಮಾರು 1.9 ವೋಲ್ಟ್ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ 0.3 ವೋಲ್ಟ್ ಮಾತ್ರ. ನಿಯಂತ್ರಕವನ್ನು ಬ್ಯಾಟರಿಯ ಪಕ್ಕದಲ್ಲಿ, ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರದಲ್ಲಿ ಇಡಬೇಕು. ಎರಡು ಫಲಕಗಳಿದ್ದರೆ ಒಂದರ ಬೆನ್ನಿಗೊಂದರಂತೆ ಅಲ್ಲ, ಸಮಾಂತರವಾಗಿ (ಧನಕ್ಕೆ ಧನ, ಋಣಕ್ಕೆ ಋಣ) ಜೋಡಿಸಬೇಕು, ಆಗ ಒಂದರ ಮೇಲೆ ಎಲೆ ಬಿದ್ದರೂ ಇನ್ನೊಂದು ದುಡಿಯುತ್ತದೆ. ಸಂಜೆ ಎತ್ತಿಡುವಾಗ ಗಾಜಿನ ಮೇಲಿನ ಉಪ್ಪನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಕನೆಕ್ಟರುಗಳ ಬಾಯಿಗೆ ಮುಚ್ಚಳ ಹಾಕುತ್ತೇನೆ.