ಪದ ಪರಿಚಯ: ಸಂಗೀತ ಸಂಗ್ರಹದ ಗೀಳು

ಕೇಳಲು ಸಿಗುವ ಸಮಯವನ್ನು ಎಷ್ಟೋ ಪಟ್ಟು ಮೀರಿ ಹಾಡುಗಳನ್ನು ಕೂಡಿಹಾಕುತ್ತ ಹೋಗುವ, ಕೊನೆಗೆ ಕೂಡಿಹಾಕಿದ್ದರಿಂದಲೇ ಕೇಳಿದಷ್ಟು ತೃಪ್ತಿ ಪಡೆಯುವ ಅಭ್ಯಾಸವನ್ನು ಸಂಗೀತ ಸಂಗ್ರಹದ ಗೀಳು ಎನ್ನುತ್ತಾರೆ. ಇಲ್ಲಿ ಮುಖ್ಯವಾದದ್ದು ಹಾಡುಗಳ ಸಂಖ್ಯೆಯಲ್ಲ. ಬಸವಕಲ್ಯಾಣದ ವಚನ ಗಾಯಕರೊಬ್ಬರ ಮನೆಯಲ್ಲಿ ಸಾವಿರ ಕ್ಯಾಸೆಟ್‌ಗಳಿದ್ದು, ಯಾವುದನ್ನು ಕೈಗೆತ್ತಿಕೊಂಡರೂ ಅದರಲ್ಲಿ ಯಾರು ಹಾಡಿದ್ದಾರೆ, ಯಾವ ವಚನವನ್ನು ಯಾವ ರಾಗದಲ್ಲಿ ಕೂರಿಸಿದ್ದಾರೆ ಎಂದು ಅವರು ಹೇಳಬಲ್ಲವರಾದರೆ ಅದು ಗೀಳಲ್ಲ. ಯಾದಗಿರಿಯ ತರುಣನೊಬ್ಬನ ಮೊಬೈಲಿನಲ್ಲಿ ಐನೂರೇ ಹಾಡುಗಳಿದ್ದು, ಅವುಗಳಲ್ಲಿ ನಾನೂರೈವತ್ತು ಒಮ್ಮೆಯೂ ತೆರೆಯದೆ ಉಳಿದಿದ್ದು, ಆದರೂ ಅವನು ಪ್ರತಿ ವಾರ ಹೊಸದಾಗಿ ಇಳಿಸಿಕೊಳ್ಳುತ್ತಲೇ ಇದ್ದರೆ ಅಲ್ಲಿ ಗೀಳಿನ ಲಕ್ಷಣವಿದೆ.

ಈ ಅಭ್ಯಾಸ ಹುಟ್ಟಬೇಕಾದರೆ ಹಾಡನ್ನು ಸಂಪಾದಿಸುವ ಕಷ್ಟ ಇಲ್ಲವಾಗಬೇಕಿತ್ತು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಕಾಲದಲ್ಲಿ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಸಂಗೀತ ಹಿಡಿಯುತ್ತಿತ್ತು. ತಟ್ಟೆಯೂ ದುಬಾರಿ, ಯಂತ್ರವೂ ದುಬಾರಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ಸಂಗೀತವನ್ನು ಸಾಮಾನ್ಯರ ಮನೆಗೆ ತಂದಿತಾದರೂ ಅಲ್ಲಿಯೂ ಒಂದು ಕಟ್ಟುಪಾಡು ಉಳಿದಿತ್ತು. ರೆಕಾರ್ಡಿಂಗ್ ಅಂಗಡಿಗೆ ಹೋದವರು ತಮಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಡಬೇಕಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಐದೈದು ನಿಮಿಷದ ಹಾಡುಗಳಾದರೆ ಹದಿನೆಂಟು ಮಾತ್ರ ಹಿಡಿಯುತ್ತಿದ್ದವು. ಹತ್ತೊಂಬತ್ತನೆಯದು ಬೇಕೆಂದರೆ ಪಟ್ಟಿಯಿಂದ ಒಂದನ್ನು ಹೊಡೆದುಹಾಕಬೇಕಿತ್ತು. ಹೊಡೆದುಹಾಕುವ ಮೊದಲು ಮನಸ್ಸಿನಲ್ಲಿಯೇ ಎರಡೂ ಹಾಡುಗಳನ್ನು ಒಮ್ಮೆ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಆಯ್ಕೆಯೂ ಕೇಳುವಿಕೆಯ ಒಂದು ಭಾಗವೇ ಆಗಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಂಪಿ3 ಕಡತಗಳು ಬಂದ ಮೇಲೆ ಈ ಲೆಕ್ಕ ಬುಡಮೇಲಾಯಿತು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ಜಾಗ ಸಾಕು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಂಥ ಕಡೆ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕೆಲಸ ಜೋರಾಗಿದ್ದ ದಿನಗಳನ್ನು ಬಲ್ಲವರಿಗೆ ಇದರ ಪರಿಣಾಮ ಚೆನ್ನಾಗಿ ಗೊತ್ತಿದೆ. ಕಂಪ್ಯೂಟರಿನ ಪರದೆಯ ಮೇಲೆ ಭಕ್ತಿಗೀತೆ, ಹಳೆಯ ಕನ್ನಡ ಚಿತ್ರಗೀತೆ, ಕವ್ವಾಲಿ, ಮೊಹರಂ ಪದ, ತೊಂಬತ್ತರ ದಶಕದ ಹಿಂದಿ ಹಾಡು, ಡಿಜೆ ಎಂದು ಫೋಲ್ಡರುಗಳು ಸಾಲಾಗಿರುತ್ತಿದ್ದವು. ಏನೇನು ಹಾಕಬೇಕು ಎಂದು ಅಂಗಡಿಯವರು ಕೇಳಿದರೆ ಬರುತ್ತಿದ್ದ ಉತ್ತರ, "ಎಲ್ಲಾ ಹಾಕಿಬಿಡ್ರಿ, ಇರ್ಲಿ." ಫೋಲ್ಡರನ್ನು ಇಡಿಯಾಗಿ ಎಳೆದು ಕಾರ್ಡಿಗೆ ಬಿಟ್ಟರೆ ಕೆಲಸ ಮುಗಿಯಿತು. ನಾಲ್ಕು ಜಿಬಿಯ ಕಾರ್ಡಿಗೆ ಐದು ನಿಮಿಷದ ಹಾಡುಗಳು ಸುಮಾರು ಎಂಟುನೂರು ಹಿಡಿಯುತ್ತವೆ. ಅವನ್ನೆಲ್ಲ ಒಂದೊಂದು ಸಲ ಕೇಳಲು ಸುಮಾರು ಅರವತ್ತೇಳು ತಾಸು ಬೇಕು. ಅರವತ್ನಾಲ್ಕು ಜಿಬಿಯ ಕಾರ್ಡು ತುಂಬಿದ್ದರೆ ದಿನಕ್ಕೊಂದು ತಾಸಿನಂತೆ ಕೇಳಿದರೂ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಮೂರು ವರ್ಷ ಹತ್ತಿರವಾಗುತ್ತದೆ, ಅದೂ ಯಾವ ಹಾಡನ್ನೂ ಎರಡನೆಯ ಸಲ ಕೇಳದಿದ್ದರೆ.

ಇಂಟರ್‌ನೆಟ್ ಅಗ್ಗವಾಗಿ, ಹಾಡಿನ ಆ್ಯಪ್‌ಗಳು ಬಂದ ಮೇಲೆ ಕಡತ ಇಟ್ಟುಕೊಳ್ಳುವ ಅಗತ್ಯವೇ ತಪ್ಪಿತು. ಗೀಳು ಮಾತ್ರ ತಪ್ಪಲಿಲ್ಲ. ಬೇರೆ ದೇಶಗಳಲ್ಲಿ ಮೊದಲೇ ಇದ್ದ ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. ಬಳಕೆದಾರರು ತಮ್ಮ ಲೈಬ್ರರಿಯಲ್ಲಿ ಉಳಿಸಿಕೊಳ್ಳಬಹುದಾದ ಹಾಡುಗಳಿಗೆ ಅದು ಮೊದಲು 10,000ದ ಮಿತಿ ಹಾಕಿತ್ತು. ಜನರು ವರ್ಷಗಟ್ಟಲೆ ತಕರಾರು ಮಾಡಿದ ಮೇಲೆ 2020ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ಎಲ್ಲ ಹಾಡುಗಳೂ ಹುಡುಕಿದ ಕೂಡಲೇ ಸಿಗುವ ಜಾಗದಲ್ಲಿಯೂ ಜನರಿಗೆ ತಮ್ಮದೆನ್ನುವ ರಾಶಿಯೊಂದು ಬೇಕು ಎಂಬುದನ್ನು ಇದು ತೋರಿಸುತ್ತದೆ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞರ ಎರಡು ವಿಚಾರಗಳು ನೆರವಾಗುತ್ತವೆ. ಮಾಹಿತಿ ಹೆಚ್ಚಿದಷ್ಟೂ ಅದು ಕಬಳಿಸುವ ಗಮನಕ್ಕೆ ಬರ ಬರುತ್ತದೆ ಎಂದು ಹರ್ಬರ್ಟ್ ಸೈಮನ್ 1971ರಲ್ಲಿಯೇ ಹೇಳಿದ್ದರು. ಹಾಡನ್ನು ಇಳಿಸಿಕೊಳ್ಳಲು ಕ್ಷಣ ಸಾಕು, ಕೇಳಲು ಮಾತ್ರ ಇಂದಿಗೂ ಹಾಡಿನಷ್ಟೇ ಹೊತ್ತು ಬೇಕು. ಸಂಗ್ರಹ ಬೆಳೆಯುವ ವೇಗಕ್ಕೂ ಕಿವಿಯ ವೇಗಕ್ಕೂ ನಡುವಿನ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಇನ್ನು, ತನ್ನದಾದ ವಸ್ತುವಿಗೆ ಮನುಷ್ಯ ಅದರ ಬೆಲೆಗಿಂತ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದು ರಿಚರ್ಡ್ ಥೇಲರ್ 1980ರಲ್ಲಿ ಗುರುತಿಸಿದ ಸಂಗತಿ. ಒಮ್ಮೆಯೂ ಕೇಳದ ಹಾಡನ್ನು ಅಳಿಸಲು ಹೊರಟಾಗ ಬೆರಳು ತಡೆಯುವುದು ಇದರಿಂದಲೇ.

ಇದನ್ನು ಕಾಯಿಲೆ ಎಂದು ಕರೆಯುವ ಆತುರ ಬೇಡ. ವಸ್ತುಗಳನ್ನು ಬಿಸಾಡಲಾಗದೆ ಮನೆಯನ್ನೇ ವಾಸಕ್ಕೆ ಒಗ್ಗದಂತೆ ತುಂಬಿಕೊಳ್ಳುವ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಮನೋರೋಗವೆಂದು ಸೇರಿಸಿತು. ಡಿಜಿಟಲ್ ಛಾಯಾಚಿತ್ರಗಳನ್ನು ಸಾವಿರಗಟ್ಟಲೆ ಕೂಡಿಟ್ಟು ಅದರಿಂದ ಬಳಲುತ್ತಿದ್ದ ನೆದರ್‌ಲೆಂಡ್ಸ್‌ನ ವ್ಯಕ್ತಿಯೊಬ್ಬನ ವರದಿ 2015ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿದ್ದೆ, ದುಡಿಮೆ, ಮನೆಯವರೊಂದಿಗಿನ ಬದುಕು ಕೆಡುವ ಮಟ್ಟಕ್ಕೆ ಹೋದಾಗಷ್ಟೇ ಅಂಥ ಮಾತಿಗೆ ಅರ್ಥ. ಹಾಡು ಕೂಡಿಡುವ ಬಹುಪಾಲು ಜನ ಆ ಗೆರೆಯಿಂದ ಬಹಳ ದೂರದಲ್ಲಿದ್ದಾರೆ.

ನಷ್ಟವಾಗುವುದು ಬೇರೆ ಕಡೆ. ಕಲಬುರಗಿ, ಯಾದಗಿರಿ, ಬೀದರ ಭಾಗದ ಸಂಗೀತ ಮರುಕಳಿಕೆಯ ಮೇಲೆ ನಿಂತದ್ದು. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಹಾಡುವಾಗ ಪಲ್ಲವಿಯನ್ನು ಒಬ್ಬರು ಎತ್ತಿಕೊಂಡರೆ ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ; ಪ್ರತಿ ನುಡಿಯ ನಂತರ ಮತ್ತೆ ಪಲ್ಲವಿಗೆ ಮರಳುತ್ತಾರೆ; ಮುಂದಿನ ಅಮಾವಾಸ್ಯೆಗೂ ಅದೇ ಪದ ಬರಬಹುದು. ಒಗಟಿನಂಥ ಬೆಡಗಿನ ಮಾತುಗಳಿಂದ ಕಟ್ಟಿದ ಆ ಪದಗಳ ಅರ್ಥ ಮೊದಲ ಕೇಳುವಿಕೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಹುಮನಾಬಾದ ಹತ್ತಿರದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಪದಗಳು ಇಂದಿಗೂ ಜನರ ಬಾಯಲ್ಲಿ ಉಳಿದಿರುವುದೂ ತಲೆಮಾರಿನಿಂದ ತಲೆಮಾರಿಗೆ ಅವುಗಳನ್ನೇ ಹಾಡುತ್ತ ಬಂದದ್ದರಿಂದ. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗವನ್ನು ಹತ್ತು ಸಲ ಕೇಳಿದವರಿಗೆ ತಿಳಿಯುವ ಸೂಕ್ಷ್ಮಗಳು ಹತ್ತು ಗಾಯಕರನ್ನು ಅರ್ಧರ್ಧ ನಿಮಿಷ ಕೇಳಿ ಮುಂದೆ ಸಾಗುವವರಿಗೆ ಸಿಗುವುದಿಲ್ಲ. ತುಂಬಿದ ಕಾರ್ಡು ಕೈಯಲ್ಲಿದ್ದಾಗ ಮನಸ್ಸು ಮುಂದಿನ ಹಾಡಿನತ್ತಲೇ ಓಡುತ್ತದೆ.

ಹಾಗೆಂದು ಸಂಗ್ರಹವನ್ನೇ ಹೀಗಳೆಯುವುದು ಅನ್ಯಾಯವಾಗುತ್ತದೆ. ಭಾರತದ ಆರಂಭದ ಗ್ರಾಮಫೋನ್ ತಟ್ಟೆಗಳಲ್ಲಿ ಎಷ್ಟೋ ಇಂದು ಉಳಿದಿರುವುದು ಖಾಸಗಿ ಸಂಗ್ರಾಹಕರಿಂದ. ಅವರು ತಟ್ಟೆಯ ಸಂಖ್ಯೆ, ಗಾಯಕರ ಹೆಸರು, ರಾಗ, ಮುದ್ರಣದ ಊರು ಎಲ್ಲವನ್ನೂ ಬರೆದಿಟ್ಟರು. ಒಬ್ಬರ ಜೀವಮಾನದಲ್ಲಿ ಅವೆಲ್ಲವನ್ನೂ ಕೇಳಿ ಮುಗಿಸಲು ಆಗದಿದ್ದರೂ ಮತ್ತೊಬ್ಬರು ಬಂದು ಕೇಳಲು ದಾರಿ ಉಳಿಯಿತು. ಅದನ್ನು ಸಂರಕ್ಷಣೆ ಎನ್ನಬೇಕು. ಎರಡರಲ್ಲೂ ಕೇಳದೆ ಉಳಿದ ಹಾಡುಗಳಿರುತ್ತವೆ. ಒಳಗೇನಿದೆ ಎಂಬುದು ಸಂರಕ್ಷಕರಿಗೆ ಗೊತ್ತಿರುತ್ತದೆ, ಗೀಳಿನವರಿಗೆ ಗೊತ್ತಿರುವುದಿಲ್ಲ.

ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಹಳ್ಳಿಹಳ್ಳಿಯಲ್ಲಿ ಮೊಹರಂ ರಾತ್ರಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಕೂಡಿ ಹಾಡುವ ರಿವಾಯತ್ ಪದಗಳನ್ನು, ಮಠದ ಭಜನೆಗಳನ್ನು ಜನರು ಮೊಬೈಲಿನಲ್ಲಿ ದಾಖಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ಪಡೆದವರ ಮೊಬೈಲಿನಲ್ಲಿ ಆ ಕಡತದ ಹೆಸರು ಎಯುಡಿ ಎಂಬ ಮೂರು ಅಕ್ಷರ, ಒಂದು ತಾರೀಖು, ಒಂದು ಕ್ರಮಸಂಖ್ಯೆ, ಅಷ್ಟೇ. ಊರಿಲ್ಲ, ಹಾಡಿದವರಿಲ್ಲ. ತಾರೀಖೂ ಕಡತ ಬಂದ ದಿನದ್ದೇ ಹೊರತು ಹಾಡಿದ ದಿನದ್ದಲ್ಲ. ಇಂಥ ನೂರಾರು ಕಡತಗಳು ಚಿತ್ರಗೀತೆಗಳ ರಾಶಿಯಲ್ಲಿ ಬೆರೆತು, ಒಂದು ದಿನ ಜಾಗ ಸಾಲದೆಂದು ಒಟ್ಟಿಗೇ ಅಳಿದುಹೋಗುತ್ತವೆ. ಚಿತ್ರಗೀತೆ ಮತ್ತೆ ಎಲ್ಲಿಯಾದರೂ ಸಿಗುತ್ತದೆ; ಆ ರಾತ್ರಿಯ ಪದ ಬಹುಶಃ ಇನ್ನೆಲ್ಲಿಯೂ ಇರುವುದಿಲ್ಲ. ಈ ಪದಗಳ ಕೊನೆಯ ನುಡಿಯಲ್ಲಿ ಸಾಮಾನ್ಯವಾಗಿ ಕಟ್ಟಿದವರ ಅಂಕಿತವೋ ಗುರುವಿನ ಹೆಸರೋ ಊರೋ ಬರುತ್ತದೆ. ಕಡತವನ್ನು ತೆರೆದು ಕೊನೆಯವರೆಗೆ ಕೇಳಿದವರಿಗೆ ಆ ಹೆಸರು ಸಿಗುತ್ತದೆ, ಕಡತಕ್ಕೆ ಆ ಹೆಸರನ್ನು ಇಡಲು ಬರುತ್ತದೆ. ಹಾಡಿದ ಮೇಳ ಯಾವುದೆಂದು ಕಳಿಸಿದವರನ್ನೇ ಕೇಳಿ ಸೇರಿಸಬೇಕಾಗುತ್ತದೆ, ಆ ಧ್ವನಿಗಳನ್ನು ಗುರುತು ಹಿಡಿಯಬಲ್ಲವರು ಊರಿನಲ್ಲಿ ಇರುವಾಗಲೇ.