ಮಲೆನಾಡಿನ ಮನೆಗೆ ಟಿವಿ ತರುವ ಮುನ್ನ

ಶಿವಮೊಗ್ಗದ ನೆಹರೂ ರಸ್ತೆಯ ಯಾವ ಶೋರೂಮಿಗೆ ಹೋದರೂ ಗೋಡೆ ತುಂಬ ಟಿವಿಗಳು ಕಣ್ಣು ಕುಕ್ಕುವಂತೆ ಉರಿಯುತ್ತಿರುತ್ತವೆ. ಅದು ಅಂಗಡಿಗೆಂದೇ ಇಟ್ಟ ಮೋಡ್. ಹಿಂಬೆಳಕು ನೂರಕ್ಕೆ ನೂರು, ಬಣ್ಣ ಅತಿ, ನೀಲಿ ಛಾಯೆ ಜಾಸ್ತಿ. ರಿಮೋಟ್ ಕೇಳಿ ಇಸಿದುಕೊಂಡು ಪಿಕ್ಚರ್ ಮೋಡನ್ನು ಸಿನಿಮಾಕ್ಕೆ ಬದಲಿಸಿ, ಕತ್ತಲ ದೃಶ್ಯವೊಂದನ್ನು ಹಾಕಿಸಿ. ಕೋಣೆಯ ಮೂಲೆಯ ನೆರಳು ಕಪ್ಪಾಗಿ ಕಾಣುತ್ತದೋ ಬೂದು ಬೂದಾಗಿಯೋ ನೋಡಿ. ಪ್ಯಾನೆಲ್‌ನ ಗುಣ ತಿಳಿಯುವುದು ಅಲ್ಲಿಯೇ.

ಎಲ್‌ಇಡಿ ಎಂದು ಮಾರುವುದೂ ಕ್ಯೂಎಲ್‌ಇಡಿ ಎಂದು ಮಾರುವುದೂ ಮೂಲತಃ ಎಲ್‌ಸಿಡಿಯೇ. ಹಿಂದಿನಿಂದ ಎಲ್‌ಇಡಿ ದೀಪಗಳು ಬೆಳಕು ಬಿಡುತ್ತವೆ, ಮುಂದಿನ ದ್ರವಸ್ಫಟಿಕದ ಪದರ ಅದನ್ನು ಕೆಲವೆಡೆ ತಡೆದು, ಕೆಲವೆಡೆ ಹಾಯಲು ಬಿಟ್ಟು ಚಿತ್ರ ಮಾಡುತ್ತದೆ. ಈ ಪದರದಲ್ಲಿ ಮುಖ್ಯವಾಗಿ ಎರಡು ಜಾತಿ. ವಿಎ ಪ್ಯಾನೆಲ್ಲಿನಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು 3000ಕ್ಕೆ 1ರಿಂದ 5000ಕ್ಕೆ 1ರವರೆಗೆ ಇರುತ್ತದೆ, ಐಪಿಎಸ್‌ನಲ್ಲಿ 1000ಕ್ಕೆ 1ರ ಆಸುಪಾಸು. ಆದರೆ ವಿಎ ಚಿತ್ರ ಪಕ್ಕದಿಂದ ನೋಡಿದರೆ ಮಂಕಾಗುತ್ತದೆ, ಐಪಿಎಸ್ ಅಷ್ಟು ಕೆಡುವುದಿಲ್ಲ. ಸೂರು ಇಳಿಬಿದ್ದ ಹಂಚಿನ ಮನೆಯ ನಡುಮನೆಯಲ್ಲಿ ಆಷಾಢದ ಮಧ್ಯಾಹ್ನವೂ ದೀಪ ಹಾಕಬೇಕು. ಅಂಥ ಕತ್ತಲಿಗೆ ವಿಎ ಸರಿ. ಉದ್ದನೆಯ ಜಗಲಿಯಲ್ಲಿ ಎರಡೂ ಕಡೆ ಸಾಲಾಗಿ ಕೂತು ನೋಡುವ ಮನೆಗೆ ಐಪಿಎಸ್. ಡಬ್ಬದ ಮೇಲೆ ಜಾತಿ ಬರೆದಿರುವುದು ಅಪರೂಪ. ಹಾಗಾಗಿ ಅಂಗಡಿಯಲ್ಲೇ ಓರೆಯಾಗಿ ನಿಂತು ಪರೀಕ್ಷಿಸಿಬಿಡಿ.

ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆರಿದರೆ ನಿಜವಾದ ಕಪ್ಪು. ಚಿತ್ರದ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಒಂದೇ ಜಾಗದಲ್ಲಿ ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿದುಬಿಡುತ್ತದೆ. ಬೆಳಗಿನಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿಡುವ ಮನೆಗೆ ಅದು ಬೇಡವೇ ಬೇಡ, ಬ್ರೇಕಿಂಗ್ ನ್ಯೂಸಿನ ಕೆಂಪು ಪಟ್ಟಿ ಧಾರಾವಾಹಿಯ ಕೆಳಗೂ ಕಾಣತೊಡಗುತ್ತದೆ. ಬೆಳಕು-ನೆರಳಿನ ಅಂತರವನ್ನು ಹೆಚ್ಚು ಚೆನ್ನಾಗಿ ತೋರಿಸುತ್ತೇವೆ ಎನ್ನುವ ಎಚ್‌ಡಿಆರ್ ಬರಹಕ್ಕೆ ಹೆಚ್ಚು ಮರುಳಾಗಬೇಡಿ. 250-300 ನಿಟ್ಸ್ (ಪರದೆಯ ಬೆಳಕಿನ ಅಳತೆ) ಬೆಳಕಿನ ಅಗ್ಗದ ಸೆಟ್ಟಿನಲ್ಲಿ ಅದು ಹೆಸರಿಗಷ್ಟೇ.

ಗಾತ್ರದ ವಿಷಯಕ್ಕೆ ಬಂದರೆ, 43 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳು ಸುಮಾರು ಐದೂವರೆ ಅಡಿ ದೂರ ದಾಟಿದರೆ ಒಳ್ಳೆಯ ಕಣ್ಣಿಗೂ ಬೇರೆಬೇರೆಯಾಗಿ ಕಾಣುವುದಿಲ್ಲ. 55 ಇಂಚಿನಲ್ಲಿ ಆ ದೂರ ಏಳು ಅಡಿ. ಒಂಬತ್ತು ಅಡಿ ದೂರ ಕೂರುವವರಿಗೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳಿರುವ 4ಕೆಗಿಂತ ಗಾತ್ರವೇ ಮುಖ್ಯ, 55 ಇಂಚು ಹಿತವಾಗಿರುತ್ತದೆ.

ಇಷ್ಟು ನೋಡಿ ತಂದರೂ ಮಲೆನಾಡಿನಲ್ಲಿ ಟಿವಿ ಹಾಳಾಗುವುದು ಪ್ಯಾನೆಲ್ಲಿನ ಜಾತಿಯಿಂದಲ್ಲ, ಸಿಡಿಲು, ಕರೆಂಟು ಮತ್ತು ಥಂಡಿಯಿಂದ. ಭರಣಿ, ಕೃತ್ತಿಕೆ ಮಳೆಯ ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ಲೈನಿಗೆ ಬಡಿದರೂ ಕರೆಂಟಿನ ತಂತಿಯಲ್ಲಿ ಒಂದು ಏರಿಕೆ, ಡಿಶ್ ಕೇಬಲಿನಲ್ಲಿ ಇನ್ನೊಂದು ಏರಿಕೆ ಒಳಗೆ ಬರುತ್ತವೆ. ಎರಡರ ವೋಲ್ಟೇಜೂ ಒಂದೇ ಇರುವುದಿಲ್ಲ. ಆ ವ್ಯತ್ಯಾಸ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ವೈರಿನ ಮೂಲಕ ಟಿವಿಯ ಮೇನ್ ಬೋರ್ಡಿಗೆ ಹಾಯುತ್ತದೆ. ಮರುದಿನ ಟಿವಿ ಆನ್ ಆಗುತ್ತದೆ, ಎಚ್‌ಡಿಎಂಐ ಮಾತ್ರ ಸತ್ತಿರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನೊಳಗಿನ ಕೆಲವೇ ಮಿ.ಮೀ. ಸಂದನ್ನು ಸಿಡಿಲು ಸಲೀಸಾಗಿ ಹಾರುತ್ತದೆ. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಎರಡನ್ನೂ ಕೀಳಬೇಕು. ಸಿಡಿಲು ಶುರುವಾದ ಮೇಲೆ ಆ ಕೇಬಲ್ ಮುಟ್ಟಬೇಡಿ. ಫೈಬರ್ ಇಂಟರ್ನೆಟ್ ಇದ್ದರೆ ಟಿವಿಗೆ ವೈಫೈ ಸಾಕು, ಲ್ಯಾನ್ ವೈರ್ ಎಳೆದರೆ ರೌಟರಿನ ಅಡಾಪ್ಟರ್ ಮೂಲಕ ಅದೇ ಅಪಾಯ ಬರುತ್ತದೆ. ದೂರದರ್ಶನದ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುತೇಕ ನಿಂತುಹೋಗಿದೆ. ಆದರೂ ಕೆಲವು ಮನೆಗಳ ಮೇಲೆ ಹಳೇ ಆಂಟೆನಾ ಪೈಪು ವೈರಿನ ಸಮೇತ ನಿಂತೇ ಇರುತ್ತದೆ, ಇಳಿಸಿಬಿಡಿ.

ಮನೆಯ ಕರೆಂಟಿನ ಮೇನ್ ಬೋರ್ಡಿಗೆ ಇಂಥ ಏರಿಕೆ (ಸರ್ಜ್) ತಡೆಯುವ ಎಸ್‌ಪಿಡಿ ಹಾಕಿಸಬಹುದು, ಆದರೆ ಅದು ಏರಿಕೆಯನ್ನು ನೆಲಕ್ಕೆ ದಾಟಿಸುವ ಸಾಧನ. ಅರ್ತಿಂಗ್ ಸರಿಯಿಲ್ಲದಿದ್ದರೆ ಇದ್ದೂ ಇಲ್ಲದಂತೆ. ಜಂಬಿಟ್ಟಿಗೆ ನೆಲದಲ್ಲಿ ಒಳ್ಳೆಯ ಅರ್ತಿಂಗ್ ಸಿಗುವುದೇ ಕಷ್ಟ, ಅದರಲ್ಲೂ ಸಿಡಿಲಿನ ಕಾಲವಾದ ಏಪ್ರಿಲ್-ಮೇ ತಿಂಗಳಲ್ಲಿ ಗುಂಡಿ ಒಣಗಿರುತ್ತದೆ. ಆಗಾಗ ನೀರು ಹೊಯ್ಯಿರಿ.

ಸ್ಟೆಬಿಲೈಜರ್‌ಗೆ ದುಡ್ಡು ಹಾಕುವ ಮೊದಲು ಟಿವಿಯ ಬೆನ್ನಿನ ಚೀಟಿ ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಲೋ ವೋಲ್ಟೇಜಿಗೆ ಅದು ಹೆದರುವುದಿಲ್ಲ. ಹೆದರಬೇಕಾದದ್ದು ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿಯ ಕಡಿತಕ್ಕೆ. ಗಾಳಿಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತುಂಡಾದರೆ, ಕಡಿಮೆ ಲೋಡ್ ಇರುವ ಫೇಸಿನ ಮನೆಗಳಿಗೆ 230ರ ಬದಲು 400ರ ಹತ್ತಿರ ವೋಲ್ಟ್ ನುಗ್ಗಬಹುದು. ಇದಕ್ಕೆ ಮದ್ದು ಸುಮಾರು 270 ವೋಲ್ಟ್ ದಾಟಿದೊಡನೆ ಕಡಿದುಹಾಕುವ ಓವರ್ ವೋಲ್ಟೇಜ್ ಕಟ್‌ಆಫ್.

ಇನ್ನು ಥಂಡಿ. ಪ್ಯಾನೆಲ್ಲಿನ ಅಂಚಿಗೆ ಅಂಟಿಸಿದ ತೆಳು ರಿಬ್ಬನ್‌ಗಳಲ್ಲಿ ಕೂದಲೆಳೆಗಿಂತ ಸಣ್ಣ ದಾರಿಗಳಿವೆ. ತೇವ ಕೂತು ಅವು ತುಕ್ಕು ಹಿಡಿದರೆ ಪರದೆಯಲ್ಲಿ ಉದ್ದ ಗೆರೆ ಬೀಳುತ್ತದೆ, ರಿಪೇರಿ ಕಷ್ಟ. ಸ್ಟ್ಯಾಂಡ್‌ಬೈನಲ್ಲಿ ಸುಮಾರು ಅರ್ಧ ವ್ಯಾಟ್ ಮಾತ್ರ ಎಳೆಯುವ ಟಿವಿ ಬಿಸಿಯಾಗುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ಯಾರೂ ನೋಡದಿದ್ದರೂ ದಿನಕ್ಕೊಂದು ತಾಸು ಓಡಿಸಿ. ಮಳೆ ಹೊಡೆಯುವ ಪಡುವಣ ಗೋಡೆಗೆ ನೇತುಹಾಕಬೇಡಿ. ಬೇರೆ ಗೋಡೆಯಲ್ಲೂ ಹಿಂದೆ ಎರಡು ಇಂಚು ಗಾಳಿಯಾಡಲಿ. ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆಯಲ್ಲಿ ನಾಲ್ಕು ಮೊಳೆ ಪುಡಿ ಉದುರಿಸಿ ಈಚೆ ಬರುತ್ತವೆ. ಮೊದಲು 18 ಮಿ.ಮೀ. ಪ್ಲೈವುಡ್ ಹಲಗೆಯನ್ನು ಎಂಟು-ಹತ್ತು ಉದ್ದನೆಯ ಆ್ಯಂಕರ್‌ಗಳಿಂದ ಬಿಗಿದು, ಸ್ಟ್ಯಾಂಡನ್ನು ಅದಕ್ಕೆ ಕೂರಿಸಿ. ತರುವಾಗ ಡಬ್ಬವನ್ನು ಜೀಪಿನಲ್ಲಿ ಮಲಗಿಸದೆ ನಿಲ್ಲಿಸಿಯೇ ತನ್ನಿ.

ಜಡಿಮಳೆಗೆ ಡಿಶ್ ಕೈಕೊಡುವುದು ಟಿವಿಯ ತಪ್ಪಲ್ಲ. ಮನೆಯ ಡಿಶ್ಶಿಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ 11-12 ಗಿಗಾಹರ್ಟ್ಜ್ ಸುಮಾರಿನದು, ಮಳೆಹನಿ ಅದನ್ನು ಹೀರಿ ಚದುರಿಸುತ್ತದೆ. ಕೇಬಲ್‌ನವರ ದೊಡ್ಡ ಡಿಶ್ಶುಗಳು ಹಿಡಿಯುವ ಸಿ ಬ್ಯಾಂಡ್ 4 ಗಿಗಾಹರ್ಟ್ಜ್ ಆಸುಪಾಸಿನದಾದ್ದರಿಂದ ಅಷ್ಟು ಸೊರಗುವುದಿಲ್ಲ. ನಮ್ಮ ಕೈಲಿರುವುದು ಜಾಗದ ಆಯ್ಕೆ. ಡಿಡಿ ಫ್ರೀ ಡಿಶ್ ಬರುವ 93.5 ಡಿಗ್ರಿ ಪೂರ್ವದ ಉಪಗ್ರಹ ಶಿವಮೊಗ್ಗದಿಂದ ಆಗ್ನೇಯಕ್ಕೆ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಆ ಸಾಲಿಗೆ ಅಡಕೆ ಮರದ ಹೆಡೆ ಅಡ್ಡ ಬಂದರೆ ಬೇಸಗೆಯಲ್ಲಿ ಹೇಗೋ ನಡೆದೀತು, ನೆನೆದ ಸೋಗೆ ಮಾತ್ರ ಸಿಗ್ನಲ್ ನುಂಗುತ್ತದೆ. ಎರಡು ಅಡಿಯ ಡಿಶ್ಶಿನ ಬದಲು ಮೂರು ಅಡಿಯದು ಹಾಕಿದರೆ ಸಣ್ಣ ಮಳೆ ತಡೆದುಕೊಳ್ಳುತ್ತದೆ. ಆಗುಂಬೆಯ ಮಳೆಗೆ ಅದೂ ಸೋಲುತ್ತದೆ.

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಧ್ವನಿ ಬಂದು ಪರದೆ ಕಪ್ಪಾಗಿದ್ದರೆ, ಪ್ಯಾನೆಲ್ ಹೋಗಿದೆ ಎಂಬ ಮಾತಿಗೆ ತಲೆಯಾಡಿಸುವ ಮೊದಲು ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಜೀವಂತವಿದೆ, ಹೋಗಿರುವುದು ಹಿಂಬೆಳಕು. ಪಟ್ಟಿಯಲ್ಲಿ ಸರಣಿಯಾಗಿ ಜೋಡಿಸಿದ ಎಲ್‌ಇಡಿಗಳಲ್ಲಿ ಒಂದು ಸುಟ್ಟರೂ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಿಸುವ ಖರ್ಚು ಹೊಸ ಪ್ಯಾನೆಲ್ಲಿನ ಬೆಲೆಗಿಂತ ಎಷ್ಟೋ ಕಡಿಮೆ. ಹಿಂಬೆಳಕನ್ನು ಮೊದಲ ದಿನವೇ 60ಕ್ಕೆ ಇಳಿಸಿಟ್ಟರೆ ಪಟ್ಟಿಗೆ ಬಿಸಿ ತಗ್ಗಿ ಆಯಸ್ಸು ಹೆಚ್ಚುತ್ತದೆ.