ಗೋಡೆಯ ಪೇಂಟ್ ಯಾಕೆ ಜಾರಲ್ಲ? ನೂರು ವರ್ಷದ ಒಂದು ತಕರಾರು

ಗಟ್ಟಿ ಮೊಸರಿನ ಪಾತ್ರೆಯಿಂದ ಒಂದು ಸೌಟು ತೆಗೆಯಿರಿ. ಸೌಟು ಹೋದ ಕಡೆ ಗುಳಿ ಹಾಗೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ತಿಳಿನೀರು ಬಂದು ಸೇರಬಹುದು, ಮೊಸರು ಮಾತ್ರ ಕುಸಿಯುವುದಿಲ್ಲ. ಜೇನುತುಪ್ಪದಲ್ಲಿ ಇದು ನಡೆಯಲ್ಲ. ಅದು ಎಷ್ಟೇ ಮಂದವಾಗಿದ್ದರೂ ನಿಧಾನಕ್ಕೆ ಹರಿದು ಗುಳಿ ಮುಚ್ಚಿಬಿಡುತ್ತದೆ.

ಅಂದರೆ ಮಂದವಾಗಿರುವುದು ಬೇರೆ, ಹಟ ಹಿಡಿದು ನಿಲ್ಲುವುದು ಬೇರೆ. ಮೊಸರು, ಟೂತ್‌ಪೇಸ್ಟ್, ಕೆಚಪ್, ಪೇಂಟ್, ಹಸಿ ಕಾಂಕ್ರೀಟ್ ಎಲ್ಲವೂ ಎರಡನೇ ಜಾತಿ. ಒಂದು ಮಿತಿಯವರೆಗೆ ತಳ್ಳಿದರೆ ಕದಲುವುದಿಲ್ಲ, ಮಿತಿ ದಾಟಿದರೆ ಹರಿಯುತ್ತವೆ. ಆ ಮಿತಿಗೆ ಯೀಲ್ಡ್ ಸ್ಟ್ರೆಸ್ ಅನ್ನುತ್ತಾರೆ. ಅಂಥದ್ದೊಂದು ನಿಜಕ್ಕೂ ಇದೆಯಾ ಎಂಬ ಬಗ್ಗೆಯೇ ವಿಜ್ಞಾನಿಗಳು ದಶಕಗಟ್ಟಲೆ ಜಗಳವಾಡಿದ್ದಾರೆ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಹೆಸರು ಯೂಜೀನ್ ಬಿಂಗ್‌ಹ್ಯಾಮ್. ಅಮೆರಿಕದ ಪೆನ್ಸಿಲ್ವೇನಿಯಾದ ಲಾಫಯೆಟ್ ಕಾಲೇಜಿನ ರಸಾಯನಶಾಸ್ತ್ರ ಮೇಷ್ಟ್ರು. ಜೇಡಿಮಣ್ಣು ಕಲಸಿದ ನೀರನ್ನು ಅವರು ಸಣ್ಣ ನಳಿಗೆಯಲ್ಲಿ ಹರಿಸಿ ನೋಡಿದರು. ಬರೀ ನೀರಾದರೆ ಲೆಕ್ಕ ಸುಲಭ: ಒತ್ತಡ ಅರ್ಧವಾದರೆ ಹರಿವೂ ಅರ್ಧ, ಒತ್ತಡ ಸೊನ್ನೆಯಾದರೆ ಹರಿವೂ ಸೊನ್ನೆ. ಒತ್ತಡಕ್ಕೆ ಎಷ್ಟು ಹರಿವು ಎಂದು ನಕ್ಷೆಯಲ್ಲಿ ಬರೆದಾಗ ಜೇಡಿಯ ಗೆರೆಯೂ ನೇರವಾಗಿಯೇ ಇತ್ತು, ಆದರೆ ಕೆಳಕ್ಕೆ ಎಳೆದರೆ ಸೊನ್ನೆಗೆ ಮುಟ್ಟಲಿಲ್ಲ. ಒಂದಿಷ್ಟು ಒತ್ತಡ ಇರುವಾಗಲೇ ಹರಿವು ನಿಂತುಹೋಗುವಂತೆ ಕಂಡಿತು. ಇದು ಪ್ರಕಟವಾದದ್ದು 1916ರಲ್ಲಿ. 1919ರಲ್ಲಿ ಹೆನ್ರಿ ಗ್ರೀನ್ ಜೊತೆ ಸೇರಿ, ಪೇಂಟ್ ಕೂಡ ಇದೇ ಜಾತಿಯದು ಎಂದು ತೋರಿಸಿದರು.

ಪೇಂಟಿನ ಲೆಕ್ಕವನ್ನು ನಾವೇ ಹಾಕಬಹುದು. ಲೀಟರಿಗೆ 1.3 ಕೆಜಿ ತೂಗುವ ಪೇಂಟನ್ನು ಗೋಡೆಗೆ 0.1 ಮಿಲಿಮೀಟರ್ ದಪ್ಪ ಬಳಿದರೆ, ಅದರ ತೂಕ ಗೋಡೆಗುಂಟ ಕೆಳಕ್ಕೆ ಎಳೆಯುವುದು ಸುಮಾರು 1.3 ಪಾಸ್ಕಲ್ (ಚದರ ಮೀಟರಿಗೆ ಎಷ್ಟು ಬಲ ಎಂಬ ಅಳತೆ). ಪೇಂಟಿನ ಮಿತಿ ಅದಕ್ಕಿಂತ ಜಾಸ್ತಿ ಇದ್ದರೆ ಪದರ ಅಲ್ಲೇ ನಿಲ್ಲುತ್ತದೆ. ಬ್ರಶ್ ಅದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಎಳೆಯುವುದರಿಂದ ಅದರಡಿ ಹರಿಯುತ್ತದೆ. ಎರಡು ಕೋಟ್ ಒಂದೇ ಸಲ ದಪ್ಪಗೆ ಮೆತ್ತಿದರೆ ಎಳೆತವೂ ಎರಡರಷ್ಟು. ಆಮೇಲೆ ಗೋಡೆ ತುಂಬ ಕಣ್ಣೀರಿನ ಗೆರೆ!

1926ರಲ್ಲಿ ಹರ್ಷೆಲ್ ಮತ್ತು ಬಲ್ಕ್ಲಿ ಆ ನೇರ ಗೆರೆಯನ್ನು ಬಾಗಿಸಿ ಸೂತ್ರ ಸರಿಪಡಿಸಿದರು. 1929ರಲ್ಲಿ ಹರಿವಿನ ಅಧ್ಯಯನಕ್ಕೇ ಒಂದು ಸಂಘ ಹುಟ್ಟಿತು, ಸೊಸೈಟಿ ಆಫ್ ರಿಯಾಲಜಿ. ಅದರ ಧ್ಯೇಯವಾಕ್ಯ 'ಎಲ್ಲವೂ ಹರಿಯುತ್ತದೆ'. ತಮಾಷೆ ಅಲ್ವಾ? ಎಲ್ಲವೂ ಹರಿಯುವುದಾದರೆ, ಹರಿಯದೆ ನಿಲ್ಲುವ ಮಿತಿ ಎಲ್ಲಿಂದ ಬಂತು?

1985ರಲ್ಲಿ ಬಾರ್ನ್ಸ್ ಮತ್ತು ವಾಲ್ಟರ್ಸ್ ಇದನ್ನೇ ಎತ್ತಿದರು. ಯೀಲ್ಡ್ ಸ್ಟ್ರೆಸ್ ಬರೀ ಕಟ್ಟುಕಥೆಯೇ ಎಂದು ಲೇಖನದ ತಲೆಬರಹದಲ್ಲೇ ಕೇಳಿದರು. ಬಿಂಗ್‌ಹ್ಯಾಮ್ ಆ ಮಿತಿಯನ್ನು ಅಳೆದಿರಲಿಲ್ಲ, ಗೆರೆ ಎಳೆದು ಊಹಿಸಿದ್ದರು ಅಷ್ಟೆ. ಹೊಸ ಉಪಕರಣಗಳು ತೀರಾ ನಿಧಾನದ ಹರಿವನ್ನೂ ಅಳೆಯುತ್ತಿದ್ದವು, ಮತ್ತು ಮಿತಿಯ ಕೆಳಗೂ ಚೂರುಪಾರು ಚಲನೆ ಕಾಣುತ್ತಿತ್ತು. ಹಾಗಾದರೆ ಇವು ಕೂಡ ವಿಪರೀತ ಮಂದವಾದ ದ್ರವಗಳೇ, ಕಾಯುವ ತಾಳ್ಮೆ ನಮಗಿಲ್ಲ ಎಂಬುದು ಅವರ ವಾದ. ಬಹಳ ಜನ ಸಿಟ್ಟಾದರು.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು 2009ರ ತಿರುವು. ಮೊಲ್ಲರ್, ಫಾಲ್ ಮತ್ತು ಬಾನ್ ಹೇರ್ ಜೆಲ್‌ನಂಥ ವಸ್ತುಗಳನ್ನು ಮಿತಿಯ ಕೆಳಗೆ ಸಣ್ಣಗೆ ತಳ್ಳಿ, ಸುಮ್ನೆ ಕಾದರು. 10 ಸೆಕೆಂಡಲ್ಲ, 10,000 ಸೆಕೆಂಡುಗಳವರೆಗೆ. ಅಂದರೆ ಹತ್ತಿರ ಹತ್ತಿರ 3 ಗಂಟೆ. ಕಾದಷ್ಟೂ, ಆ ಚೂರುಪಾರು ಚಲನೆಯಿಂದ ಲೆಕ್ಕ ಹಾಕಿದ ಮಂದತನದ ಅಂಕಿ ಏರುತ್ತಲೇ ಹೋಯಿತು. ನಿಜವಾದ ದ್ರವವಾಗಿದ್ದರೆ ಅದು ಒಂದು ಕಡೆ ನಿಲ್ಲಬೇಕಿತ್ತು. ಮೊದಲಿನವರು ಕಂಡದ್ದು ಹರಿವಲ್ಲ, ವಸ್ತು ತನ್ನ ಜಾಗದಲ್ಲಿ ಕೂತುಕೊಳ್ಳುವಾಗಿನ ಕೊನೆಯ ಮಿಸುಕಾಟ. ತಾಳ್ಮೆ ಸಾಲದು ಎಂಬ ಆಕ್ಷೇಪಕ್ಕೆ ತಾಳ್ಮೆಯೇ ಉತ್ತರ ಕೊಟ್ಟಿತ್ತು.

ಎಲ್ಲ ವಸ್ತುಗಳೂ ಇಷ್ಟು ಸಂಭಾವಿತವಲ್ಲ. ಕಟ್ಟಡದ ಅಡಿಪಾಯಕ್ಕೆ ಕೊರೆದ ಪೈಲಿಂಗ್ ಗುಂಡಿ ಕುಸಿಯದಂತೆ ತುಂಬುವ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ನೀರಿನ ಮಿತಿ, ಅದನ್ನು ಎಷ್ಟು ಹೊತ್ತು ಅಲುಗಿಸದೆ ಬಿಟ್ಟಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ. ಮೊಸರು ಇನ್ನೂ ಕಷ್ಟ. ಒಮ್ಮೆ ಕಡೆದರೆ ಹಳೆಯ ಗಟ್ಟಿತನ ಪೂರ್ತಿ ವಾಪಸ್ ಬರುವುದೇ ಇಲ್ಲ.

ಕಟ್ಟಡದ ಕೆಲಸದವರು ಮಾತ್ರ ಈ ಜಗಳಕ್ಕೆ ಕಾಯಲಿಲ್ಲ. 300 ಮಿಲಿಮೀಟರ್ ಎತ್ತರದ ಕೋನ್‌ಗೆ ಕಾಂಕ್ರೀಟ್ ತುಂಬಿ, ಕೋನ್ ಮೇಲೆತ್ತುತ್ತಾರೆ. ಗುಡ್ಡೆ ಕುಸಿಯುತ್ತದೆ, ಅಗಲವಾಗುತ್ತದೆ. ಅದರ ಸ್ವಂತ ಭಾರ ಮಿತಿ ದಾಟಿಸಲಾರದಷ್ಟು ಗಿಡ್ಡವಾದ ಕೂಡಲೇ ನಿಂತುಬಿಡುತ್ತದೆ. ಎಷ್ಟು ಇಳಿಯಿತು ಎಂದು ಟೇಪ್ ಹಿಡಿದು ಅಳೆದು, ಬರೆದುಕೊಂಡು, ಲಾರಿಯನ್ನು ಒಳಗೆ ಬಿಡುತ್ತಾರೆ.